ಬಿಲದ ಬಾಯಲ್ಲೇ ಆಟ: ಗೆಳೆಯರೊಂದಿಗೆ ಗ್ರೂಪರ್ ಹಿಡಿಯಲು ಆಳಸಮುದ್ರದಲ್ಲಿ ಒಂದು ದಿನ

ಗ್ರೂಪರ್ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಮೀನಲ್ಲ. ಬಂಡೆಯ ಸಂದಿಯಲ್ಲೋ ಹವಳದ ಪೊಟರೆಯಲ್ಲೋ ಮುಳುಗಿದ ಹಡಗಿನ ಹೊಟ್ಟೆಯಲ್ಲೋ ಮನೆ ಮಾಡಿಕೊಂಡು, ಬಾಗಿಲಲ್ಲಿ ಕಾದಿದ್ದು, ಹತ್ತಿರ ಸುಳಿದದ್ದನ್ನು ಗಬಕ್ಕನೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಗಾಬರಿಯಾದರೆ ಎರಡು ಬಾಲದೇಟಿಗೆ ಬಿಲ ಸೇರಿರುತ್ತದೆ. ಒಳಹೊಕ್ಕು ಕಿವಿರಿನ ಮುಚ್ಚಳವನ್ನೂ ರೆಕ್ಕೆಯ ಮುಳ್ಳುಗಳನ್ನೂ ಅಗಲಿಸಿತೆಂದರೆ ಬೆಣೆ ಬಡಿದಂತೆ ಕೂತುಬಿಡುತ್ತದೆ, ಎಳೆದಷ್ಟೂ ಬಿಗಿ. ಗಾಳ ಹಾಕುವವರಿಗೂ ಈಟಿ ಹಿಡಿದು ಮುಳುಗುವವರಿಗೂ ಸವಾಲು ಒಂದೇ: ಮೀನಿಗೂ ಅದರ ಬಿಲಕ್ಕೂ ನಡುವಿನ ಮೂರು ನಾಲ್ಕು ಅಡಿ ಜಾಗ. ದಿನದ ತಯಾರಿಯೆಲ್ಲ ಆ ಜಾಗಕ್ಕಾಗಿಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಸಿರು ಹಿಡಿದು ಮುಳುಗುವ ತರಬೇತಿಯನ್ನು ಸರಿಯಾಗಿ ಪಡೆಯದವರು ಈಟಿಯ ಭಾಗವನ್ನು ಓದಿ ನೀರಿಗಿಳಿಯಬಾರದು. ಅವರಿಗೆ ದೋಣಿಯಲ್ಲಿ ಬೇಕಾದಷ್ಟು ಕೆಲಸವಿದೆ.

ಹೊರಡುವ ಹಿಂದಿನ ದಿನ

ಶುರು ಮಾಡಬೇಕಾದದ್ದು ಕಾನೂನಿನಿಂದ. ಗ್ರೂಪರ್‌ಗಳು ನಿಧಾನವಾಗಿ ಬೆಳೆದು ಬಹುಕಾಲ ಬದುಕುವ ಮೀನುಗಳು. ಹೆಚ್ಚಿನ ಪ್ರಭೇದಗಳು ಮೊದಲು ಹೆಣ್ಣಾಗಿ ಪ್ರೌಢವಾಗುತ್ತವೆ. ಮುಂದೆ ದೊಡ್ಡದಾದ ಮೇಲೆ ಕೆಲವು ಗಂಡಾಗಿ ಬದಲಾಗುತ್ತವೆ. ದೊಡ್ಡವನ್ನೇ ಆರಿಸಿ ಎತ್ತಿದರೆ ಆ ಬಂಡೆಯಲ್ಲಿ ಗಂಡು ಮೀನುಗಳೇ ಇಲ್ಲದಂತಾಗುತ್ತದೆ. ಮೊಟ್ಟೆಯಿಡಲು ದೂರದೂರದಿಂದ ಒಂದೇ ಜಾಗಕ್ಕೆ ಬಂದು ನೆರೆಯುವ ಪ್ರಭೇದಗಳೂ ಇವೆ. ಕೆರಿಬಿಯನ್ ಸಮುದ್ರದ ನಸ್ಸಾವ್ ಗ್ರೂಪರ್ ಚಳಿಗಾಲದ ಹುಣ್ಣಿಮೆಗಳ ಆಸುಪಾಸಿನಲ್ಲಿ ಹೀಗೆ ನೆರೆಯುತ್ತದೆ. ಆ ಜಾಗಗಳು ಮೀನುಗಾರರಿಗೆ ಗೊತ್ತಾದ ಮೇಲೆಯೇ ಅದರ ಸಂತತಿ ಕುಸಿದದ್ದು. ಮೂರು ಕ್ವಿಂಟಾಲ್ ಮೀರಿ ತೂಗಬಲ್ಲ ಗೋಲಿಯಾತ್ ಗ್ರೂಪರನ್ನು ಹಿಡಿಯುವುದನ್ನು ಅಮೆರಿಕ 1990ರಲ್ಲಿ ಪೂರ್ತಿ ನಿಷೇಧಿಸಿತು; ಫ್ಲಾರಿಡಾ ರಾಜ್ಯ 2023ರಲ್ಲಿ ಲಾಟರಿ ಎತ್ತಿ, ಅದೂ ಎಳೆಯ ಮೀನುಗಳನ್ನು ಮಾತ್ರ, ಕೆಲವೇ ಮಂದಿಗೆ ಹಿಡಿಯಲು ಬಿಟ್ಟಿತು.

ಆದ್ದರಿಂದ ನೀವು ಹೋಗುವ ನೀರಿನಲ್ಲಿ ಯಾವ ಪ್ರಭೇದಕ್ಕೆ ಅನುಮತಿಯಿದೆ, ಕನಿಷ್ಠ ಉದ್ದವೆಷ್ಟು, ತಲೆಗೆ ಎಷ್ಟು ಮೀನು, ಯಾವ ತಿಂಗಳು ನಿಷೇಧ, ರಕ್ಷಿತ ವಲಯ ಎಲ್ಲಿಂದ ಎಲ್ಲಿಗೆ ಎಂಬುದನ್ನು ತಿಳಿದುಕೊಂಡು, ಪ್ರಭೇದಗಳ ಚಿತ್ರಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ದಡ ಬಿಟ್ಟ ಮೇಲೆ ಇಂಟರ್‌ನೆಟ್ ಸಿಗುವುದಿಲ್ಲ. ಈಟಿಯ ನಿಯಮ ಬೇರೆಯೇ ಇರುತ್ತದೆ. ಬಹಾಮಾಸ್‌ನಲ್ಲಿ ಕುದುರೆ ಒತ್ತಿ ಹಾರಿಸುವ ಈಟಿ ಬಂದೂಕು ನಿಷಿದ್ಧ; ಕೈಯಿಂದ ರಬ್ಬರ್ ಎಳೆದು ಬಿಡುವ ಸಾಧನಕ್ಕಷ್ಟೇ ಅವಕಾಶ. ಸ್ಕೂಬಾ ಸಿಲಿಂಡರ್ ಹೊತ್ತು ಈಟಿ ಬೇಟೆಯಾಡುವುದನ್ನು ಅಲ್ಲಿಯೂ ಇಟಲಿಯಲ್ಲಿಯೂ ಇನ್ನೂ ಹಲವೆಡೆಯೂ ನಿಷೇಧಿಸಿದ್ದಾರೆ. ಅದು ನ್ಯಾಯವೇ ಎನ್ನುತ್ತೇನೆ. ಒಂದೇ ಉಸಿರಿನಲ್ಲಿ ಹೋಗಿ ಬರುವವರಿಗೆ ಆಳವೇ ಒಂದು ಮಿತಿ ಹಾಕುತ್ತದೆ. ಇಲ್ಲಿ ಬರೆದಿರುವುದೆಲ್ಲ ಸಿಲಿಂಡರ್ ಇಲ್ಲದ ಮುಳುಗಿಗೇ.

ಹವಾಮಾನ ನೋಡುವಾಗ ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಹತ್ತು ಸೆಕೆಂಡಿಗೊಮ್ಮೆ ಬರುವ ಒಂದು ಮೀಟರ್ ಅಲೆ ದೋಣಿಯನ್ನು ಮೆಲ್ಲನೆ ಎತ್ತಿ ಇಳಿಸುತ್ತದೆ. ಅದೇ ಒಂದು ಮೀಟರ್ ನಾಲ್ಕು ಸೆಕೆಂಡಿಗೊಮ್ಮೆ ಬಂದರೆ ಸೊಂಟ ಮುರಿಯುತ್ತದೆ. ಇಂಧನವನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಕೈಮೀರಿದ್ದಕ್ಕೆ ಒಂದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಆ ಹೊತ್ತು ಮೀರಿದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ದಡದಲ್ಲಿರುವ ಒಬ್ಬರ ಕೈಗೆ ಬರೆದು ಕೊಡಿ. ದೋಣಿಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಸಂಕಟದ ಕರೆಗೆ ಮೀಸಲು. ಅದನ್ನು ಬಳಸುವುದು ದೋಣಿಯಲ್ಲಿ ಒಬ್ಬರಿಗಲ್ಲ, ಎಲ್ಲರಿಗೂ ಗೊತ್ತಿರಬೇಕು. ವಾಂತಿ ಬರುವವರು ಮಾತ್ರೆಯನ್ನು ದೋಣಿ ಹೊರಡುವ ಮೊದಲೇ ನುಂಗಬೇಕು. ಆದರೆ ಮಂಪರು ತರುವ ಮಾತ್ರೆ ನುಂಗಿದವರು ಆ ದಿನ ಮುಳುಗುವ ಆಸೆ ಬಿಡಬೇಕು.

ನಾಲ್ವರು, ನಾಲ್ಕು ಕೆಲಸ

ನನ್ನ ಲೆಕ್ಕದಲ್ಲಿ ನಾಲ್ವರ ತಂಡ ಹದವಾದದ್ದು: ಇಬ್ಬರು ನೀರಿನಲ್ಲಿ, ಇಬ್ಬರು ದೋಣಿಯಲ್ಲಿ. ದೋಣಿಯಲ್ಲಿರುವ ಇಬ್ಬರಲ್ಲಿ ಒಬ್ಬರ ಕೈ ಚುಕ್ಕಾಣಿ ಬಿಡಬಾರದು, ಕಣ್ಣು ಮುಳುಗುವವರ ತೇಲುಬುರುಡೆ ಬಿಡಬಾರದು. ಅವರು ಆ ಹೊತ್ತಿನಲ್ಲಿ ಎರೆ ಕತ್ತರಿಸುವುದಿಲ್ಲ, ಫೋಟೊ ತೆಗೆಯುವುದಿಲ್ಲ. ಮುಳುಗುವವರು ದೋಣಿಯ ಹತ್ತಿರ ಬಂದಾಗ ಎಂಜಿನ್ ಆರಿಸಿರಬೇಕು. ಗೇರ್ ಬಿಡಿಸಿದರೆ ಸಾಕು ಎನ್ನುವವರ ಕೈಗೆ ಚುಕ್ಕಾಣಿ ಕೊಡಬೇಡಿ. ನೀರಿನಲ್ಲಿ ಜನರಿದ್ದಾರೆಂದು ತಿಳಿಸುವ ಧ್ವಜ ಏರಿಸಿ: ನೀಲಿ-ಬಿಳಿಯ ಆಲ್ಫಾ ಧ್ವಜ ಎಲ್ಲೆಡೆ ಚಾಲ್ತಿಯಲ್ಲಿದೆ, ಕೆಂಪಿನ ಮೇಲೆ ಬಿಳಿ ಓರೆಪಟ್ಟಿಯದು ಉತ್ತರ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿದೆ.

ಗೆಳೆಯರ ಗುಂಪಿಗೆ ಅಂಟಿದ ರೋಗವೊಂದಿದೆ. ಅವನು ಹಿಡಿದ, ನಾನಿನ್ನೂ ಹಿಡಿದಿಲ್ಲ ಎಂಬ ಉರಿ. ದಡದಲ್ಲಿ ಅದು ತಮಾಷೆ. ಇಪ್ಪತ್ತು ಮೀಟರ್ ಆಳದಲ್ಲಿ ಅದೇ ಉರಿ ಇನ್ನು ಐದು ಸೆಕೆಂಡ್ ಇರು ಎನ್ನುತ್ತದೆ. ಹಿಡಿದ ಮೀನೆಲ್ಲ ಒಂದೇ ಪೆಟ್ಟಿಗೆಗೆ, ಹಂಚಿಕೆ ಸಮಪಾಲು ಎಂದು ಹೊರಡುವ ಮೊದಲೇ ಒಪ್ಪಿಕೊಂಡರೆ ಅರ್ಧ ರೋಗ ಇಳಿಯುತ್ತದೆ. ವಾಪಸು ಹೋಗೋಣ ಎಂದು ಯಾರೊಬ್ಬರು ಅಂದರೂ ದೋಣಿ ತಿರುಗಬೇಕು, ಕಾರಣ ಕೇಳುವಂತಿಲ್ಲ. ಮದ್ಯ ದಡ ಮುಟ್ಟಿದ ಮೇಲೆ.

ಬಿಲ ಹುಡುಕುವುದು

ಶಬ್ದದ ಮಾರ್ದನಿಯಿಂದ ತಳವನ್ನು ತೋರಿಸುವ ಸೋನಾರ್ ಪರದೆಯಲ್ಲಿ ಮರಳಿನ ತಳ ತೆಳುವಾದ, ಮಂಕಾದ ಗೆರೆ. ಗಟ್ಟಿ ಬಂಡೆಯ ತಳ ದಪ್ಪವಾದ, ಹೊಳೆಯುವ ಪಟ್ಟಿ. ಸಪಾಟು ಮರಳಿನ ನಡುವೆ ಒಂದೆರಡು ಮೀಟರ್ ಎದ್ದ ಅಂಚು ಸಿಕ್ಕಿ, ಅದರ ಮೇಲೆ ಸಣ್ಣ ಮೀನಿನ ಮೋಡ ಕಂಡರೆ ನಿಲ್ಲಿ. ಗ್ರೂಪರ್ ಇದ್ದರೆ ತಳಕ್ಕೆ ಅಂಟಿಕೊಂಡ ಒಂದೆರಡು ದಪ್ಪ ಗುರುತುಗಳಾಗಿ ಕಂಡೀತು, ಅಥವಾ ಬಿಲದೊಳಗಿದ್ದು ಕಾಣದೆಯೂ ಇದ್ದೀತು. ನಕ್ಷೆಯಲ್ಲಿ ಹೆಸರಿರುವ ಹಡಗಿನ ಅವಶೇಷಗಳ ಮೇಲೆ ವಾರವಿಡೀ ಬೇರೆಯವರ ಗಾಳ ಬಿದ್ದಿರುತ್ತದೆ. ಹೆಸರಿಲ್ಲದ ಪುಟ್ಟ ಅಂಚುಗಳನ್ನು ಹುಡುಕಿ ಜಿಪಿಎಸ್‌ನಲ್ಲಿ ಗುರುತಿಟ್ಟುಕೊಂಡವರಿಗೇ ಮೀನು ಹೆಚ್ಚು.

ಲಂಗರನ್ನು ಬಂಡೆಯ ಮೇಲೆ ಬಿಡಬೇಡಿ. ಹವಳ ಮುರಿಯುತ್ತದೆ, ಲಂಗರೂ ಸಿಕ್ಕಿಕೊಳ್ಳುತ್ತದೆ. ಸೆಳೆತ ಬರುವ ದಿಕ್ಕಿನಲ್ಲಿ ಸಾಕಷ್ಟು ಮುಂದೆ ಹೋಗಿ ಮರಳಿನಲ್ಲಿ ಲಂಗರು ಹಾಕಿ, ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರೆ ದೋಣಿ ಹಿಂದೆ ಸರಿದು ಬಂಡೆಯ ಅಂಚಿಗೆ ತುಸು ಮೊದಲೇ ನಿಲ್ಲುತ್ತದೆ. ಎರೆ ಬಿಲದ ನೆತ್ತಿಯ ಮೇಲೆ ಬೀಳಬಾರದು, ಮುಂಬಾಗಿಲಿನಿಂದ ಕೊಂಚ ದೂರ ಬೀಳಬೇಕು. ಮೀನನ್ನು ಹೊರಕ್ಕೆ ಕರೆದರೆ ತಾನೇ ಆ ಮೂರು ನಾಲ್ಕು ಅಡಿ ನಿಮ್ಮ ಪಾಲಿಗೆ ಬರುವುದು!

ಮೊದಲು ಈಟಿ, ಆಮೇಲೆ ಗಾಳ

ಈ ಕ್ರಮವನ್ನು ತಿರುಗಿಸಬಾರದು. ಗಾಳ ಹಾಕಿದರೆ ಎರೆಯ ವಾಸನೆ, ಒದ್ದಾಡುವ ಮೀನು, ರಕ್ತ ಎಲ್ಲ ನೀರಿಗೆ ಸೇರುತ್ತವೆ, ಶಾರ್ಕ್‌ಗಳು ಬರುತ್ತವೆ. ಆ ನೀರಿಗೆ ಜನರನ್ನು ಇಳಿಸುವುದು ಬುದ್ಧಿವಂತಿಕೆಯಲ್ಲ. ಬೆಳಗಿನ ಹೊತ್ತು ಗಾಳಿ ಕಡಿಮೆ, ಮೈಯಲ್ಲಿ ದಣಿವಿರುವುದಿಲ್ಲ. ಮುಳುಗಿದವರು ತಳದ ಸುದ್ದಿಯನ್ನೂ ತರುತ್ತಾರೆ: ಬಿಲ ಯಾವ ಕಡೆಗೆ ತೆರೆದಿದೆ, ಮೀನು ಎಷ್ಟು ದೊಡ್ಡದು, ಯಾವ ಪ್ರಭೇದ. ಆ ಸುದ್ದಿಯ ಮೇಲೆ ಮಧ್ಯಾಹ್ನ ಗಾಳ ಬಿಡಬಹುದು. ಮುಳುಗುವವರಿರುವಾಗ ಅದೇ ಜಾಗದಲ್ಲಿ ಗಾಳ ಬಿಡುವ ಮಾತೇ ಇಲ್ಲ.

ನೀರಿನೊಳಗೆ

ಇಬ್ಬರಲ್ಲಿ ಒಬ್ಬರು ಕೆಳಗೆ, ಒಬ್ಬರು ಮೇಲೆ. ಇಬ್ಬರೂ ಒಟ್ಟಿಗೆ ಮುಳುಗಿದರೆ ಜೋಡಿ ಇದ್ದೂ ಇಲ್ಲದಂತೆ. ಅಪಾಯ ಹೆಚ್ಚಾಗಿ ತಳದಲ್ಲಿರುವುದಿಲ್ಲ, ಮೇಲೆ ಬರುವಾಗ ಇರುತ್ತದೆ. ಇಪ್ಪತ್ತು ಮೀಟರಿನಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟು. ಆ ಒತ್ತಡದಿಂದಾಗಿ ಶ್ವಾಸಕೋಶದಲ್ಲಿ ಉಳಿದ ಅಲ್ಪ ಆಮ್ಲಜನಕವೂ ರಕ್ತಕ್ಕೆ ಸೇರುತ್ತಿರುತ್ತದೆ, ಚೆನ್ನಾಗಿಯೇ ಇದ್ದೇನೆ ಅನಿಸುತ್ತದೆ. ಕೊನೆಯ ಹತ್ತು ಮೀಟರ್ ಏರುವಷ್ಟರಲ್ಲಿ ಒತ್ತಡ ಅರ್ಧಕ್ಕಿಳಿದು, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಮೇಲೆ ಬಂದು ಒಂದೆರಡು ಉಸಿರು ತೆಗೆದುಕೊಂಡ ಮೇಲೂ ಹಾಗಾಗಬಹುದು. ಆದ್ದರಿಂದ ಮೇಲಿರುವವರು ಕೊನೆಯ ಹತ್ತು ಮೀಟರಿಗೆ ಎದುರಾಗಿ ಹೋಗಿ ಕರೆತರಬೇಕು. ಬಂದವರ ಮುಖವನ್ನು ಮತ್ತೆ ಅರ್ಧ ನಿಮಿಷ ನೋಡುತ್ತಿರಬೇಕು. ಮೀನು ಎಷ್ಟು ದೊಡ್ಡದೆಂದು ಆಮೇಲೆ ಕೇಳಬಹುದು.

ಮುಳುಗುವ ಮೊದಲು ಬುಸಬುಸನೆ ಉಸಿರಾಡಬೇಡಿ. ಅದರಿಂದ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ, ಉಸಿರು ಬೇಕೆಂದು ದೇಹ ಕೊಡುವ ಎಚ್ಚರಿಕೆ ತಡವಾಗುತ್ತದೆ. ಸಹಜವಾಗಿ ಉಸಿರಾಡಿ, ಒಂದು ದೀರ್ಘ ಉಸಿರೆಳೆದುಕೊಂಡು ಇಳಿಯಿರಿ. ಎರಡು ಮುಳುಗಿನ ನಡುವೆ ಮುಳುಗಿದ ಸಮಯದ ಎರಡು ಪಟ್ಟಾದರೂ ವಿಶ್ರಾಂತಿ ಬೇಕು, ಆಳ ಹೆಚ್ಚಿದಂತೆ ಇನ್ನೂ ಹೆಚ್ಚು. ಸೀಸದ ಬೆಲ್ಟ್ ಒಂದೇ ಕೈಯಲ್ಲಿ ಬಿಚ್ಚುವಂತಿರಲಿ. ಉಸಿರು ಹೊರಬಿಟ್ಟ ಮೇಲೂ ಮೇಲ್ಮೈಯಲ್ಲಿ ನೀವು ತೇಲಬೇಕು, ಅಷ್ಟೇ ಸೀಸ. ಕಿವಿಯ ಒತ್ತಡವನ್ನು ನೋವು ಶುರುವಾಗುವ ಮೊದಲೇ ಸರಿಮಾಡಿಕೊಳ್ಳುತ್ತ ಇಳಿಯಿರಿ. ಕಿವಿ ಬಿಡದಿದ್ದರೆ ತಿರುಗಿ ಬನ್ನಿ. ಶೀತವಾದವರು ಆ ದಿನ ಮುಳುಗಬಾರದು.

ಈಟಿ ಬಂದೂಕಿಗೆ ರಬ್ಬರ್ ಏರಿಸುವುದು ನೀರಿನಲ್ಲಿ, ಇಳಿಸುವುದೂ ನೀರಿನಲ್ಲಿ. ಏರಿಸಿದ ಬಂದೂಕು ದೋಣಿಯನ್ನು ಮುಟ್ಟಬಾರದು. ಸೇಫ್ಟಿ ಹಾಕಿದೆ ಎಂಬ ಧೈರ್ಯದಿಂದ ಅದರ ಮೂತಿ ಯಾರ ಕಡೆಗೂ ತಿರುಗಬಾರದು.

ಇನ್ನು ಮೀನು. ಅದನ್ನು ಕಂಡೊಡನೆ ನೇರವಾಗಿ ಈಜಿಕೊಂಡು ಹೋದರೆ ಕೆಲಸ ಕೆಟ್ಟಿತು. ಅದರ ಕಡೆ ನೋಡದವರಂತೆ ಓರೆಯಾಗಿ ಇಳಿದು, ಬಂಡೆಯ ಮರೆಯಲ್ಲಿ ತಳಕ್ಕೆ ಮೈಚಾಚಿ ಸುಮ್ಮನಿರಿ. ಗ್ರೂಪರ್‌ಗೆ ಕುತೂಹಲ ಬಹಳ. ಮೊದಲು ಬಿಲದ ಬಾಯಲ್ಲಿ ಎದೆಯ ರೆಕ್ಕೆಗಳನ್ನು ಬೀಸಣಿಗೆಯಾಡಿಸುತ್ತ ನಿಂತಲ್ಲೇ ತೇಲುತ್ತದೆ. ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ ಹೊರಳಿಸುತ್ತದೆ. ಮೈಮೇಲಿನ ಪಟ್ಟೆಗಳು ಗಾಢವಾಗಿ ಮತ್ತೆ ಮಾಸುತ್ತವೆ. ಇನ್ನೂ ಎದುರುಮುಖವಾಗಿದ್ದರೆ ಹೊಡೆಯಬೇಡಿ, ತಲೆಬುರುಡೆ ಗಟ್ಟಿ, ಈಟಿ ಜಾರೀತು. ಅನುಮಾನ ಬಂದು ಪಕ್ಕಕ್ಕೆ ಹೊರಳುವ ಕ್ಷಣವೇ ನಿಮ್ಮದು. ಕಣ್ಣಿನ ಹಿಂದೆ, ಕಿವಿರಿನ ಮುಚ್ಚಳದ ಮೇಲ್ತುದಿಗೆ ಸರಿಯಾಗಿ ಬೆನ್ನುಮೂಳೆ ಶುರುವಾಗುವ ಜಾಗಕ್ಕೆ ಗುರಿ. ಅಲ್ಲಿಗೆ ತಾಗಿದರೆ ಮೀನು ಒದ್ದಾಡದೆ ನಿಲ್ಲುತ್ತದೆ. ಹೊಟ್ಟೆಗೆ ತಾಗಿದರೆ ಈಟಿ ಸಮೇತ ಬಿಲ ಸೇರಿ ಅಲ್ಲೇ ಸಾಯುತ್ತದೆ. ಖಚಿತವಿಲ್ಲದ ಹೊಡೆತಕ್ಕಿಂತ ಹೊಡೆಯದಿರುವುದೇ ಮೇಲು.

ಅಳತೆಯ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಮಾಸ್ಕಿನ ಗಾಜಿನ ಮೂಲಕ ನೀರೊಳಗಿನ ವಸ್ತು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. 45 ಸೆಂಟಿಮೀಟರಿನ ಮೀನು 60ರಂತೆ ಕಂಡೀತು. ಗಾಳಕ್ಕೆ ಬಿದ್ದ ಸಣ್ಣ ಮೀನನ್ನು ಬಿಡಬಹುದು, ಈಟಿ ತಾಗಿದ್ದನ್ನು ಬಿಟ್ಟು ಪ್ರಯೋಜನವಿಲ್ಲ. ಬಂದೂಕಿನ ಉದ್ದಕ್ಕೆ ಕನಿಷ್ಠ ಅಳತೆಯ ಗುರುತು ಬಳಿದಿಟ್ಟುಕೊಂಡರೆ ಬಂದೂಕೂ ಮೀನಿನಷ್ಟೇ ದೊಡ್ಡದಾಗಿ ಕಂಡು ಹೋಲಿಕೆ ಸರಿಯಾಗುತ್ತದೆ.

ತಾಗಿದ ಮೀನು ಬಿಲ ಹೊಕ್ಕರೆ ಅದರ ಹಿಂದೆ ಹೋಗಬೇಡಿ. ಬಂದೂಕನ್ನು ಬಿಟ್ಟು ಮೇಲೆ ಬನ್ನಿ. ತೇಲುಬುರುಡೆಗೆ ಕಟ್ಟಿದ ಹಗ್ಗ ಜಾಗ ತೋರಿಸುತ್ತದೆ. ವಿಶ್ರಮಿಸಿ, ಜೋಡಿಯವರಿಗೆ ತಿಳಿಸಿ, ಹೊಸ ಉಸಿರಿನಲ್ಲಿ ಇಳಿದು ಯಾವ ಕೋನದಿಂದ ಹೊಕ್ಕಿತೋ ಅದೇ ಕೋನದಿಂದ ಎಳೆದು ನೋಡಿ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬಾರದು, ಕಾಣದ ಪೊಟರೆಗೆ ಕೈ ತೂರಿಸಬಾರದು. ಗ್ರೂಪರ್ ಇರುವಲ್ಲಿ ಹಾವಿನಂತಿರುವ, ಕಚ್ಚುವ ಮೊರೇ ಈಲ್ ಮೀನು ಕೂಡ ಇರುವುದು ಸಾಮಾನ್ಯ. ಕೆಂಪು ಸಮುದ್ರದಲ್ಲಿ ಗ್ರೂಪರ್ ಮೊರೇ ಈಲ್‌ನ ಬಿಲದ ಮುಂದೆ ತಲೆಯಲ್ಲಾಡಿಸಿ, ಅದನ್ನು ಹೊರಗೆ ಕರೆದು, ಇಬ್ಬರೂ ಕೂಡಿ ಬೇಟೆಗೆ ಹೋಗುವುದನ್ನು ಸಂಶೋಧಕರು 2006ರಲ್ಲಿ ವರದಿ ಮಾಡಿದರು. ಜೋಡಿ ಕಟ್ಟುವ ವಿಷಯದಲ್ಲಿ ಮೀನುಗಳೇ ನಮಗಿಂತ ವಾಸಿ.

ಮೀನು ಕೈಗೆ ಬಂದೊಡನೆ ಕಣ್ಣಿನ ಹಿಂದೆ ಚೂರಿಯಿಂದ ಮಿದುಳಿಗೆ ತಿವಿದು ಕೊಲ್ಲಿ. ಒದ್ದಾಟ ನಿಂತರೆ ಶಾರ್ಕ್‌ಗೆ ಕರೆ ಹೋಗುವುದೂ ನಿಲ್ಲುತ್ತದೆ. ಸೊಂಟಕ್ಕೆ ಕಟ್ಟಿಕೊಂಡು ಈಜದೆ ದೋಣಿಗೆ ದಾಟಿಸಿ. ಶಾರ್ಕ್ ಬಂದು ಮೀನಿಗೆ ಬಾಯಿ ಹಾಕಿದರೆ ಮೀನು ಅದರದೇ. ಎಲ್ಲರೂ ದೋಣಿ ಹತ್ತಿ, ಜಾಗ ಬದಲಿಸಿ.

ಗಾಳ: ಮೊದಲ ಐದು ಮೀಟರ್

ಇಲ್ಲಿ ನಾಜೂಕು ನಡೆಯದು. ಗಿಡ್ಡ, ಗಟ್ಟಿ ಕೋಲು. 25ರಿಂದ 35 ಕೆ.ಜಿ. ತಡೆಯುವ ಹೆಣೆದ ದಾರ. ತುದಿಗೆ ಬಂಡೆಯ ತಿಕ್ಕಾಟ ತಾಳುವ ದಪ್ಪ ಲೀಡರ್, ಅಂದರೆ ಗಾಳ ಕಟ್ಟುವ ತುಂಡು ದಾರ. ಎರೆಯನ್ನು ತಳದಲ್ಲಿ ನಿಲ್ಲಿಸುವಷ್ಟು ತೂಕದ, ದಾರದ ಮೇಲೆ ಜಾರುವ ಸೀಸದ ಗುಂಡು. ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ ಬಳಸಿ. ಅದು ಗಂಟಲಿಗಿಳಿಯದೆ ಬಾಯಿಯ ಮೂಲೆಯಲ್ಲಿ ಸಿಕ್ಕುತ್ತದೆ, ಬಿಡುವ ಮೀನು ಬದುಕುತ್ತದೆ. ಎರೆಗೆ ಜೀವಂತ ಸಣ್ಣ ಮೀನನ್ನು ಮೀರಿದ್ದಿಲ್ಲ. ಸಿಗದಿದ್ದರೆ ಕಪ್ಪೆಬೊಂಡಾಸ್ ಅಥವಾ ಇಡೀ ಬೂತಾಯಿ.

ಗುಂಡು ತಳ ಮುಟ್ಟಿದ ಮೇಲೆ ರೀಲನ್ನು ಎರಡು ಮೂರು ಸುತ್ತು ತಿರುಗಿಸಿ ಎರೆಯನ್ನು ತಳದಿಂದ ಎತ್ತಿ ಹಿಡಿಯಿರಿ. ದಾರವನ್ನು ತಡೆದು ಹಿಡಿಯುವ ರೀಲಿನ ಡ್ರ್ಯಾಗ್ ಕೈಯಿಂದ ಎಳೆದರೂ ದಾರ ಬಾರದಷ್ಟು ಬಿಗಿ. ಬೆರಳು ದಾರದ ಮೇಲಿರಲಿ. ಜೀವಂತ ಎರೆ ಇದ್ದಕ್ಕಿದ್ದಂತೆ ಪಟಪಟನೆ ನಡುಗಿದರೆ ಅದು ಗ್ರೂಪರನ್ನು ಕಂಡಿದೆ. ಮುಂದಿನ ಕ್ಷಣ ಒಂದು ಭಾರವಾದ ಕುಕ್ಕು, ಕೋಲಿನ ತುದಿ ನೀರಿಗೆ ಬಾಗುತ್ತದೆ. ಆಗ ಕೋಲನ್ನು ಜಗ್ಗಬೇಡಿ. ಜಗ್ಗಿದರೆ ಸರ್ಕಲ್ ಗಾಳ ಬಾಯಿಂದ ಜಾರಿ ಬರುತ್ತದೆ. ತುದಿಯನ್ನು ಕೆಳಗೇ ಇಟ್ಟು ಬಿರುಸಾಗಿ ರೀಲ್ ಸುತ್ತಿ, ಭಾರ ಪೂರ್ತಿ ಕೂತ ಮೇಲೆ ಎತ್ತಿ. ಮೊದಲ ಐದು ಮೀಟರ್ ಒಂದಿಂಚನ್ನೂ ಬಿಟ್ಟುಕೊಡುವಂತಿಲ್ಲ. ಅಷ್ಟು ಏರಿದ ಮೇಲೆ ಆತುರ ಬೇಡ, ಒತ್ತಡ ಇಳಿದಂತೆ ಮೀನಿನ ಒಳಗಿನ ಗಾಳಿ ಹಿಗ್ಗಿ ಅದರ ಹೋರಾಟ ತಾನಾಗಿ ತಗ್ಗುತ್ತದೆ.

ಬೆರಳಿಗೆ ಗರಗರ ತಿಕ್ಕಾಟ ತಿಳಿದು ಎಲ್ಲ ನಿಂತುಬಿಟ್ಟರೆ ಮೀನು ಬಿಲ ಸೇರಿದೆ. ಜಗ್ಗಾಡಿದರೆ ದಾರ ಹರಿಯುತ್ತದೆ. ದಾರ ಸಡಿಲ ಬಿಟ್ಟು, ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿ, ಐದು ನಿಮಿಷ ಮಾತಾಡಿಕೊಂಡಿರಿ. ಎಳೆತ ನಿಂತರೆ ಮೀನು ಮೈ ಸಡಿಲಿಸಿ ಹೊರಗೆ ಬರುವುದುಂಟು. ದಾರ ತಾನಾಗಿ ಅಲುಗಿದ ಕೂಡಲೇ ಸುತ್ತಿ. ದೋಣಿಯನ್ನು ಬೇರೆ ಕಡೆಗೆ ಸರಿಸಿ ಕೋನ ಬದಲಿಸಿ ನೋಡಬಹುದು. ಯಾವುದೂ ಆಗದಿದ್ದರೆ ದಾರವನ್ನು ದೋಣಿಯ ಗೂಟಕ್ಕೆ ಸುತ್ತಿ ಹರಿಯಿರಿ, ಕೈಗೆ ಸುತ್ತಿಕೊಂಡಲ್ಲ.

ಬಿಡಬೇಕಾದ ಮೀನು

ನೀರಿಗೆ ಎಸೆದುಬಿಟ್ಟರೆ ಬಿಟ್ಟಂತಾಗಲಿಲ್ಲ. ಗ್ರೂಪರ್‌ನ ಗಾಳಿಚೀಲಕ್ಕೆ ಹೊರದಾರಿ ಇಲ್ಲ. ಮೂವತ್ತು ಮೀಟರಿನಿಂದ ಮೇಲೆತ್ತಿದರೆ ಒತ್ತಡ ನಾಲ್ಕನೇ ಒಂದಕ್ಕಿಳಿದು ಗಾಳಿ ನಾಲ್ಕು ಪಟ್ಟು ಹಿಗ್ಗುತ್ತದೆ: ಕಣ್ಣು ಉಬ್ಬುತ್ತದೆ, ಹೊಟ್ಟೆಯ ಚೀಲ ಬಾಯಿಯಿಂದ ಹೊರಬರುತ್ತದೆ, ಮೀನು ಮುಳುಗಲಾಗದೆ ಬಿಸಿಲಿನಲ್ಲಿ ಬೆನ್ನಡಿಯಾಗಿ ತೇಲುತ್ತದೆ. ಬಾಯಿಯಿಂದ ಹೊರಬಂದ ಚೀಲಕ್ಕೆ ಚುಚ್ಚಬೇಡಿ, ಅದು ಜಠರ. ಒಳ್ಳೆಯ ದಾರಿಯೆಂದರೆ ತೂಕ ಕಟ್ಟಿದ ಡಿಸೆಂಡಿಂಗ್ ಸಾಧನವನ್ನು ಮೀನಿನ ತುಟಿಗೆ ಕಚ್ಚಿಸಿ, ಬಂದ ಆಳದ ಹತ್ತಿರಕ್ಕೆ ಇಳಿಸಿ ಬಿಡುವುದು. ಒತ್ತಡ ಮರಳಿದಂತೆ ಗಾಳಿ ಕುಗ್ಗಿ ಮೀನು ಈಜಿ ಹೋಗುತ್ತದೆ. ಸಾಧನವನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಗೆಟಕುವಲ್ಲಿ ಸಿದ್ಧವಾಗಿಡಿ. ಮೀನನ್ನು ಒದ್ದೆ ಕೈಯಲ್ಲಿ, ಹೊಟ್ಟೆಗೆ ಆಸರೆ ಕೊಟ್ಟು ಹಿಡಿಯಿರಿ. ಕಿವಿರಿನ ಮುಚ್ಚಳದ ಅಂಚಿನಲ್ಲಿ ಮುಳ್ಳುಗಳಿವೆ, ಕೈಗವಸು ಇರಲಿ. ಒಂದೇ ಜಾಗದಲ್ಲಿ ಸಣ್ಣವೇ ಮೇಲೆ ಮೇಲೆ ಬರುತ್ತಿದ್ದರೆ ಲಂಗರೆತ್ತಿ. ಪಾಲಿನ ಮೀನು ಮುಗಿದ ಮೇಲೆ ಹಿಡಿದು ಬಿಡುವ ಆಟ ಆಳದಲ್ಲಿ ಬೇಡ.

ಪೆಟ್ಟಿಗೆ ಮತ್ತು ದಡ

ಇಟ್ಟುಕೊಳ್ಳುವ ಮೀನಿನ ಕಿವಿರು ಕೊಯ್ದು ರಕ್ತ ಹರಿಸಿ, ಎರಡು ಪಾಲು ಮಂಜುಗಡ್ಡೆಗೆ ಒಂದು ಪಾಲು ಸಮುದ್ರದ ನೀರು ಬೆರೆಸಿದ ಕೆಸರಿನಲ್ಲಿ ಮುಳುಗಿಸಿ. ಬರೀ ಮಂಜುಗಡ್ಡೆಯ ಮೇಲಿಟ್ಟರೆ ದಪ್ಪ ಮೀನಿನ ಒಳಗು ತಣ್ಣಗಾಗುವುದು ನಿಧಾನ. ದೋಣಿಯಲ್ಲೇ ಕತ್ತರಿಸಬೇಡಿ, ಅಳತೆ, ಪ್ರಭೇದ ನೋಡಲು ಮೀನನ್ನು ಇಡಿಯಾಗಿಯೇ ದಡಕ್ಕೆ ತರಬೇಕೆಂಬ ನಿಯಮ ಅನೇಕ ಕಡೆ ಇದೆ. ಚರ್ಮ ದಪ್ಪ, ಸುಲಿದೇ ತುಂಡು ಮಾಡಿ. ಕೆನ್ನೆಯ ಮಾಂಸವನ್ನು ಎಸೆಯುವವರಿಗೆ ಮೀನು ಹಂಚಬೇಡಿ.

ಹವಳ ದಂಡೆಗಳ ನೀರಿನಲ್ಲಿ ಹಿಡಿದ ದೊಡ್ಡ ಗ್ರೂಪರ್‌ನಲ್ಲಿ ಸಿಗ್ವಟೆರಾ ಎಂಬ ವಿಷ ಇರುವ ಸಾಧ್ಯತೆಯಿದೆ. ಹವಳದ ಪಾಚಿಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳಿಂದ ಹುಟ್ಟಿ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ ಹೋಗುವ ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಅಂಥ ನೀರಿನಲ್ಲಿ ಮಧ್ಯಮ ಗಾತ್ರದ್ದನ್ನು ಇಟ್ಟುಕೊಂಡು ದೊಡ್ಡದನ್ನು ಬಿಡಿ. ತಲೆ, ಯಕೃತ್ತು, ಮೊಟ್ಟೆಗಳನ್ನು ತಿನ್ನಬೇಡಿ. ಉಂಡ ಮೇಲೆ ವಾಂತಿ-ಭೇದಿಯ ಜೊತೆಗೆ ತುಟಿ, ಬೆರಳು ಜುಮ್ಮೆಂದರೆ, ತಣ್ಣನೆಯದು ಸುಡುವಂತೆ ಅನಿಸಿದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಯಾವ ಮೀನು ತಿಂದಿರಿ, ಎಲ್ಲಿ ಹಿಡಿದದ್ದು ಎಂಬುದನ್ನು ಮೊದಲೇ ಹೇಳಿ. ಆ ಮೀನಿನ ಉಳಿದ ಪಾಲು ಯಾರ ಯಾರ ಮನೆಗೆ ಹೋಗಿದೆಯೋ ಅವರಿಗೂ ಕೂಡಲೇ ಫೋನ್ ಮಾಡಿ.